ಟೈಟಲಮ್ಮನ ಸಿಟ್ಟು

ಸಿನಿಮಾದವರು ಅವಳನ್ನು ಟೈಟಲಮ್ಮ ಅಂತಲೇ ಕರೆಯುತ್ತಿದ್ದರು. ಚಿತ್ರದ ಆರಂಭದಲ್ಲಿ ಹೆಸರುಗಳು ಬರುವ ಭಾಗವನ್ನು ಮಾಡಿಕೊಡುವುದೇ ಅವಳ ಕೆಲಸ. ಮೊದಮೊದಲು ಅಪ್ಪನ ಜೊತೆ ಅಂಗಡಿ ಬೋರ್ಡು ಬರೆದು ಪಳಗಿದ ಕೈ.

ಈ ಸಲ ಅವಳು ಮಾಡಿದ್ದು ಇಬ್ಬರು ಅಣ್ಣತಮ್ಮಂದಿರ ಕಥೆಗೆ. ಚಿಕ್ಕ ಹುಡುಗರಾಗಿದ್ದಾಗ ಒಂದೇ ಸೈಕಲ್ಲಿನಲ್ಲಿ ಇಬ್ಬರೂ ಇಳಿಜಾರಿನಲ್ಲಿ ಬರುತ್ತಾರೆ, ಅಣ್ಣ ಹುಡುಗಾಟಕ್ಕೆ ಹ್ಯಾಂಡಲಿನಿಂದ ಕೈ ಬಿಡುತ್ತಾನೆ, ತಮ್ಮನ ಕಾಲು ಮುರಿಯುತ್ತದೆ. ಮಾತೇ ಇಲ್ಲ. ತಿರುಗುವ ಚಕ್ರದ ಕಡ್ಡಿಗಳ ನಡುವೆ ಹೆಸರುಗಳು ಬಂದು ಹೋಗುತ್ತವೆ. "ಇದನ್ನ ಮುಂದೆ ಎಲ್ಲೂ ಹೇಳಲ್ಲ. ಎಲ್ಲಾ ನಿಮ್ಮ ಕೈಯಲ್ಲಿದೆ," ಅಂದಿದ್ದರು ನಿರ್ದೇಶಕರು.

ಮೊದಲ ದಿನವೇ ಅಕ್ಕನನ್ನು ಕರೆದುಕೊಂಡು ಹೋದಳು. ಸಾಲುಸಾಲು ಜಾಹೀರಾತು ಮುಗಿದವು. ಟೈಟಲ್ ಬರಲೇ ಇಲ್ಲ; ನೇರವಾಗಿ ಕಥೆಯೇ ಶುರುವಾಗಿ, ಪರದೆ ಮೇಲೆ ತಲೆ ನರೆತ ಅಣ್ಣ ತಮ್ಮನ ಕಾಲು ಒತ್ತುತ್ತ ಕೂತಿದ್ದ.

"ನಿಂದೆಲ್ಲಿ ಬಂತೇ? ನನಗೇನು ಜೋಂಪು ಹತ್ತಿತ್ತಾ?" ಅಕ್ಕ ಪಿಸುಗುಟ್ಟಿದಳು.

ಹಿಂದಿನ ಸಾಲಿನವನೊಬ್ಬ, "ಈ ಮುದುಕನಿಗೆ ಬೇರೆ ಕೆಲಸ ಇಲ್ವಾ?" ಅಂದ. ನಾಲ್ಕು ಜನ ನಕ್ಕರು. ಟೈಟಲಮ್ಮನ ಮೈಯೆಲ್ಲ ಉರಿದುಹೋಯಿತು. ಎದ್ದವಳೇ ಮ್ಯಾನೇಜರ್ ಕೋಣೆಗೆ ನುಗ್ಗಿದಳು.

ಮ್ಯಾನೇಜರ್ ತಲೆಯೆತ್ತಲಿಲ್ಲ. "ಎರಡು ಜಾಹೀರಾತು ಜಾಸ್ತಿ ಬಂದ್ವು. ಹೋಗಿದ್ದು ಬರೀ ಹೆಸರು ತಾನೇ? ಅದನ್ನ ಓದೋಕೆ ಯಾರಮ್ಮ ಬರ್ತಾರೆ?"

"ಬರೀ ಹೆಸರು ಹೋಗಿದ್ರೂ ನಾನು ಸುಮ್ಮನಿರ್ತಿರಲಿಲ್ಲ. ನೀವು ಕಾಲು ಮುರಿದದ್ದನ್ನೇ ತೆಗೆದು ಹಾಕಿದ್ದೀರಿ. ಒಳಗೆ ಜನ ಆ ಅಣ್ಣನನ್ನ ನೋಡಿ ನಗ್ತಿದ್ದಾರೆ. ನೀವು ಸಿನಿಮಾ ನೋಡಿದ್ರಾ?"

"ನನಗೆಲ್ಲಿ ಪುರುಸೊತ್ತು? ಮುಂದಿನ ಆಟಕ್ಕೆ ಹಾಕಿಸೋಣ ಬಿಡಿ."

ಆ ಮಾತು ನಂಬಿ ಅಕ್ಕತಂಗಿ ಮುಂದಿನ ಆಟಕ್ಕೂ ಕೂತರು. ಮತ್ತೆ ಅದೇ ನರೆತ ತಲೆ, ಅದೇ ನಗು. ಟೈಟಲಮ್ಮ ಹೊರಗೆ ಬಂದು ನಿರ್ದೇಶಕರಿಗೆ ಫೋನ್ ಮಾಡಿದಳು.

"ಎಲ್ಲಾ ಕಡೆ ಹೀಗೇ ಮಾಡ್ತಾರೆ. ಯಾರ ಜೊತೆ ಅಂತ ಜಗಳ ಆಡೋದು?" ಅಂದರು ಅವರು.

ಥಿಯೇಟರಿನವನಿಗಿಂತ ಇವರ ಮೇಲೇ ಅವಳಿಗೆ ಹೆಚ್ಚು ಸಿಟ್ಟು ಬಂತು. ತಮ್ಮ ಕಥೆಯ ಬುಡವನ್ನೇ ಕಡಿದರೂ ಈ ಮನುಷ್ಯ ತಣ್ಣಗಿದ್ದಾರಲ್ಲ!

"ಅವರ ಕೈಯಿಂದ ಕತ್ತರಿ ಬಿಡಿಸೋಕೆ ಆಗಲ್ಲ ತಾನೇ? ಹಾಗಾದ್ರೆ ಕತ್ತರಿಗೆ ಸಿಗದ ಜಾಗದಲ್ಲಿಡು," ಅಂದಳು ಅಕ್ಕ, ದಾರಿಯಲ್ಲಿ.

ಅಂದಿನಿಂದ ಯಾರು ಕೆಲಸ ತಂದರೂ ಟೈಟಲಮ್ಮ ಹಾಕುವುದು ಒಂದೇ ಕರಾರು: ಮೊದಲು ಕಥೆ ಶುರುವಾಗಬೇಕು, ಜನ ಅದರಲ್ಲಿ ಮುಳುಗಬೇಕು, ಆಮೇಲೆ ಟೈಟಲ್. ಹಿರಿಯ ನಿರ್ಮಾಪಕರೊಬ್ಬರು, "ಇದೆಂಥ ಹಟ, ತಾಯಿ?" ಅಂತ ನಕ್ಕರು. ಅವಳು ನಗಲಿಲ್ಲ. ಅವರು ತಂದ ಕೆಲಸವನ್ನು ಹಾಗೇ ವಾಪಸ್ ಕಳಿಸಿದಳು.