ಅತ್ತೆ ತೆಗೆದ ಮುಚ್ಚಳ

ಲಕ್ವ ಹೊಡೆದ ಮೇಲೆ ಅತ್ತೆಯ ಬಲಗೈ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು, ಉಳಿದ ಬೆರಳುಗಳ ಕೆಳಗೆ ಅಡಗಿ ಕೂತಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ರಬ್ಬರ್ ಚೆಂಡನ್ನು ಆ ಕೈಗಿಟ್ಟರೆ, "ನಾನೇನು ಮಗೂನಾ?" ಎಂದು ಎಡಗೈಯಿಂದ ಕಿತ್ತು ಮಂಚದ ಕೆಳಗೆ ಉರುಳಿಸಿಬಿಡುತ್ತಿದ್ದರು.

ಅವರು ನನ್ನ ತಂದೆಯ ಅಕ್ಕ. ಮದುವೆಯಾಗಿ ಮೈಸೂರಿನಿಂದ ಚೆನ್ನೈಗೆ ಬಂದವರು. ನನಗೆ ಇಲ್ಲಿ ಕೆಲಸ ಸಿಕ್ಕಾಗ ತಿರುವೊಟ್ಟಿಯೂರಿನ ಅವರ ಮನೆಯಲ್ಲೇ ಉಳಿದೆ. ಆ ಮನೆಯ ಮ್ಯೂಸಿಕ್ ಸಿಸ್ಟಂ ಅತ್ತೆಯದು. ಅದರ ರಿಮೋಟ್ ಮುಟ್ಟುವ ಹಕ್ಕೂ ಅವರದೇ. ಸಮುದ್ರದ ಗಾಳಿಗೆ ಕಿಟಕಿಯ ಸರಳುಗಳೇ ತುಕ್ಕು ಹಿಡಿಯುವ ಜಾಗ. ಹಳೇ ಸೀರೆಯ ತುಂಡಿನಿಂದ ದಿನಾ ರಿಮೋಟ್ ಒರೆಸುವರು. ಊರಿಗೆ ಹೊರಟರೆ ಸೆಲ್ ಹೊರಗೆ ತೆಗೆದಿಟ್ಟೇ ಬೀಗ ಹಾಕುವರು. "ಕೆಲಸ ಇಲ್ದೆ ಕೂತ್ರೆ ಸೆಲ್ಲೂ ಅತ್ತುಬಿಡುತ್ತೆ ಕಣೆ" ಎನ್ನುತ್ತಿದ್ದರು.

ಅವರು ಆಸ್ಪತ್ರೆಯಲ್ಲಿದ್ದಾಗ ಸೆಲ್ ತೆಗೆಯಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಮನೆಗೆ ಬಂದವರೇ ರಿಮೋಟ್ ಕೇಳಿದರು. ಯಾವ ಗುಂಡಿ ಒತ್ತಿದರೂ ಸಿಸ್ಟಂ ಮಿಸುಕಲಿಲ್ಲ.

"ವಿಡುಮ್ಮಾ, ಪುದುಸು ವಾಂಗಿಕ್ಕಲಾಂ" ಎಂದಳು ಅವರ ಮಗಳು. ಕನ್ನಡ ಕೇಳಿಸಿಕೊಂಡು ತಮಿಳಿನಲ್ಲೇ ಉತ್ತರಿಸುವುದು ಅವಳ ರೂಢಿ.

"ಹೊಸದ್ಯಾಕೆ? ಸೆಲ್ ಸೋರಿದೆ, ಒರೆಸಿದ್ರೆ ಸರಿಹೋಗುತ್ತೆ."

ನಾನು ಕೈಚಾಚಿದೆ. "ಮುಟ್ಟಬೇಡ. ನಾನೇ ತೆಗೀತೀನಿ" ಎಂದರು.

ಹಿಂಬದಿಯ ಮುಚ್ಚಳ ಬಲು ಬಿಗಿ. ಎಡಗೈಯಲ್ಲಿ ರಿಮೋಟ್ ಹಿಡಿದರೆ ತಳ್ಳಲು ಬಲ ಹೆಬ್ಬೆರಳೇ ಬೇಕು. ಬೆಳಗಿನ ಕಾಫಿ ಆದೊಡನೆ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುವರು, ಹೆಬ್ಬೆರಳನ್ನು ಮುಚ್ಚಳದ ಮೇಲಿಟ್ಟು ತಳ್ಳುವರು. ಜಾರುವುದು. ಹಣೆ ಬೆವರುವುದು. ಮತ್ತೆ ತಳ್ಳುವರು. ನೋಡಲಾರದೆ ಮಗಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೀಗೇ ವಾರಗಳು ಕಳೆದವು. ಮನೆಯಲ್ಲಿ ಹಾಡಿಲ್ಲ.

ಒಂದು ಭಾನುವಾರ 'ಟಕ್' ಎಂಬ ಸದ್ದು. ಓಡಿ ಬಂದರೆ ಮುಚ್ಚಳ ಅತ್ತೆಯ ಮಡಿಲಲ್ಲಿ ಬಿದ್ದಿತ್ತು.

"ನಿಂಬೆಹಣ್ಣು ತಗೊಂಡು ಬಾರೇ!"

ರಸ ಅದ್ದಿದ ಹತ್ತಿಕಡ್ಡಿಯಿಂದ ಸ್ಪ್ರಿಂಗಿಗೆ ಅಂಟಿದ್ದ ಬಿಳಿ ಪುಡಿಯನ್ನು ಅವರೇ ತಿಕ್ಕಿ ತೆಗೆದರು, ಒಣಬಟ್ಟೆಯಲ್ಲಿ ಒರೆಸಿದರು, ಹೊಸ ಸೆಲ್ ಹಾಕಿದರು. ಆಮೇಲೆ ಅದೇ ಹೆಬ್ಬೆರಳಿನಿಂದ ಒತ್ತಿದರು. ವೀಣೆ ಮನೆಯೆಲ್ಲ ತುಂಬಿತು. ಅಷ್ಟಕ್ಕೇ ಬಿಡಲಿಲ್ಲ, ಸದ್ದು ಏರಿಸುತ್ತಲೇ ಹೋದರು.

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಅಕ್ಕಾ, ಎನ್ನ ವಿಶೇಷಂ?" ಎಂದಳು.

ಅತ್ತೆ ಹೆಬ್ಬೆರಳು ಎತ್ತಿ ತೋರಿಸಿದರು. "ಇದೇ ವಿಶೇಷ!"

ಮಗಳು ಅವರನ್ನು ತಬ್ಬಿಕೊಂಡು, ಅಪರೂಪಕ್ಕೆ ಕನ್ನಡದಲ್ಲಿ, "ಗೆದ್ದುಬಿಟ್ಟೆ ಅಮ್ಮಾ" ಎಂದಳು.

ಆಮೇಲೆ ಅವರು ತಮ್ಮ ಜಡೆ ತಾವೇ ಹೆಣೆದುಕೊಂಡರು, ದೋಸೆ ಹುಯ್ದರು, ತಾಳ ಹಾಕಿ ಹಾಡಿದರು. ಹಾಗೆ ಕೆಲವು ವರ್ಷ ಬಾಳಿ ಹೋದರು.

ನನ್ನ ಮಗಳಿಗೆ ಮಾತು ತೊದಲುತ್ತದೆ. ಪದ ಗಂಟಲಲ್ಲಿ ಸಿಕ್ಕಿಕೊಂಡಾಗ ನಾನೇ ಹೇಳಿಕೊಡೋಣವೆಂದು ಜೀವ ಒದ್ದಾಡುತ್ತದೆ. ಅತ್ತೆಯನ್ನು ನೆನೆದು ಬಾಯಿ ಮುಚ್ಚಿ ಕಾಯುತ್ತೇನೆ. ಮೊನ್ನೆ ಶಾಲೆಯ ವೇದಿಕೆಯ ಮೇಲೆ ಅವಳು ಪದ್ಯದ ನಡುವೆ ನಿಂತಳು. ಸಭೆ ಪಿಸುಗುಟ್ಟಿತು. ನಾನು ಕದಲಲಿಲ್ಲ. ಅವಳು ಉಸಿರೆಳೆದುಕೊಂಡು, ಕೊನೆಯ ಸಾಲಿನವರೆಗೂ ತಾನೇ ಹೇಳಿ ಮುಗಿಸಿದಳು.