ಕಲ್ಲಿನ ಕೆಳಗಿನ ಚೀಟಿ

"ಕುರಿ ಕಾಯೋನ ಮಗ ಬಿ.ಎ. ಮಾಡೋದುಂಟೇನ್ಲಾ, ನಡಿ ನಡಿ," ಎಂದವರು ನಮ್ಮೂರ ಶಾನುಭೋಗರು. ಮಾಡಿದೆ. ಪುರವರ ಎಂಬ ಊರಿನ ಸುತ್ತಿನ ಹಟ್ಟಿಗಳಲ್ಲಿ ಮೊದಲ ಪದವೀಧರ ನಾನೇ — ಆ ಹೆಮ್ಮೆ ಇಂದಿಗೂ ಇದೆ. ಆದರೆ ಆ ಓದಿನಿಂದಲೇ ಒಂದು ಸುಳ್ಳನ್ನೂ ಬರೆದೆ. ನನ್ನ ವಂಶದ ಹಿರಿಯನನ್ನು ಬೇರೆ ಯಾರೋ ಎಂದು ಬರೆದೆ.

ಮಧುಗಿರಿಯಲ್ಲಿ ತಾಲ್ಲೂಕು ಕಚೇರಿಯ ಹಿಂದಿನ ಹಜಾರವನ್ನು ವಸ್ತುಸಂಗ್ರಹಾಲಯ ಮಾಡಿ, ಹಳ್ಳಿಗಳಿಂದ ಹಳೆಯ ವಸ್ತುಗಳನ್ನು ಕೂಡಿಸುವ ಕೆಲಸ ನನಗೆ ಕೊಟ್ಟರು. ನಮ್ಮ ಹಟ್ಟಿಯ ವೀರಗಲ್ಲನ್ನು ಕೇಳಲು ಹೋದೆ. ಕುರಿ ಈದಾಗ ಮೊದಲ ಹಾಲನ್ನು ಆ ಕಲ್ಲಿಗೆ ಸವರುವುದು ನಮ್ಮವರ ಪದ್ಧತಿ. ಸವರುತ್ತಿದ್ದವಳು ನನ್ನ ಸೋದರತ್ತೆ ಸಣ್ಣೀರಮ್ಮ.

"ನಮ್ಮ ಮುತ್ತಜ್ಜ ಕಣ್ಲಾ. ಮಂದೆಗೆ ಬಿದ್ದ ಚಿರತೇನ ದೊಣ್ಣೇಲಿ ತಡೆದು ಸತ್ತೋನು. ತಗಂಡೋಗು, ನಾಕು ಜನ ನೋಡ್ಲಿ."

ಜಿಡ್ಡುಗಟ್ಟಿದ ಕಲ್ಲನ್ನು ಮಧುಗಿರಿಗೆ ತಂದು ಸೀಗೆಪುಡಿ ಹಾಕಿ ಉಜ್ಜಿದೆ. ಮನುಷ್ಯ, ದೊಣ್ಣೆ, ಚಿರತೆ, ಪಕ್ಕದಲ್ಲೊಂದು ನಾಯಿ — ಎಲ್ಲ ಎದ್ದು ಬಂದವು. ಅಮಲ್ದಾರರು ಬಂದು, "ಯಾರಿವನು?" ಎಂದರು. ಕುರಿ ಕಾಯುವವನು ಎನ್ನಲು — ನಮ್ಮಜ್ಜ ಎನ್ನಲು — ನಾಲಗೆ ಏಳಲಿಲ್ಲ. "ಪಾಳೆಯಗಾರರ ದಂಡಿನವನು, ಸ್ವಾಮಿ. ಬೇಟೆಯಲ್ಲಿ ಮಡಿದವನು," ಎಂದೆ. ಹಾಗೆಯೇ ಚೀಟಿ ಬರೆದು ಕಲ್ಲಿನ ಕೆಳಗೆ ಅಂಟಿಸಿದೆ.

ವರ್ಷಕ್ಕೊಮ್ಮೆ ಅತ್ತೆ ಬರುತ್ತಿದ್ದಳು, ಸೆರಗಿನ ಮರೆಯಲ್ಲಿ ಗಿಂಡಿ ಹಾಲು ಹಿಡಿದು. "ಓದ್ಲಾ," ಎನ್ನುತ್ತಿದ್ದಳು. ಚೀಟಿಯ ಮೇಲೆ ಬೆರಳಾಡಿಸುತ್ತ, ಅವಳೇ ಹೇಳಿದ್ದ ಕತೆಯನ್ನು ಓದುವಂತೆ ನಟಿಸುತ್ತಿದ್ದೆ. ಹನ್ನೊಂದು ವರ್ಷ — ಅಕ್ಷರ ಬಾರದವಳ ಎದುರು, ಅಕ್ಷರ ಕಲಿತವನು. ಅವಳು ತೃಪ್ತಿಯಿಂದ ತಲೆದೂಗುತ್ತಿದ್ದಳಲ್ಲ, ಅದು —

ಕಳೆದ ಸುಗ್ಗಿಯಲ್ಲಿ ಆ ಚೀಟಿ ಕಿತ್ತೆ. ಈಗಿನ ಅಮಲ್ದಾರರಿಗೆ ನಿಜ ಹೇಳಿ ಹೊಸದು ಬರೆದೆ: ಕುರಿಗಾಹಿ, ಮಂದೆ ಉಳಿಸಲು ಮಡಿದವನು, ಇಂಥ ಹಟ್ಟಿಯವನು. ಬರೆದಾಗ ಎಷ್ಟು ಹಗುರವಾಯಿತು! ಕಲ್ಲು ಕೊಟ್ಟವರು ಸಣ್ಣೀರಮ್ಮ ಎಂಬ ಪ್ರಮಾಣಪತ್ರಕ್ಕೆ ಮೊಹರು ಹಾಕಿಸಿಕೊಂಡು ಹಟ್ಟಿಗೆ ಹೋದೆ. ಪತ್ರವನ್ನು ಅವಳ ಕೈಗಿಟ್ಟು ಎಲ್ಲ ಹೇಳಿದೆ. ನನಗೆ ನಾಚಿಕೆಯಾಗಿತ್ತು ಎಂಬುದನ್ನೂ.

ಅತ್ತೆ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು:

"ನಾಯಿ ಇಸ್ಯ ಬರ್ದಿದ್ದೀಯೇನ್ಲಾ? ಅವತ್ತು ಜೊತೇಲಿದ್ದೋರೆಲ್ಲ ಅಜ್ಜನ್ನ ಬುಟ್ಟು ಓಡೋದ್ರಂತೆ. ನಿಂತಿದ್ದು ಅದೊಂದೇ ಕಣ್ಲಾ."