ತೂಬಿಗೆ ಹಾಕಿದ ಹಾರ

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಬರೆದು ಅಭ್ಯಾಸವಿಲ್ಲ. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ಓದುಗರು ಮನ್ನಿಸಬೇಕು.

ನಮ್ಮ ಹೊಲದ ಕೇಸು ನಡೆಸಿದ ವಕೀಲರು ಎಂದೊಡನೆ ಕಣ್ಣಿಗೆ ಕಟ್ಟುವುದು ಅವರ ಕಪ್ಪು ಕೋಟಿನ ಹೆಗಲ ಮೇಲೆ ಕೂತ ಸಂಡೂರಿನ ಗಣಿಗಳ ಕೆಂಪು ಧೂಳು. ಹೊಸಪೇಟೆಯಿಂದ ಅಲ್ಲಿನ ಕೋರ್ಟಿಗೆ ಬಸ್ಸಿನಲ್ಲಿಯೇ ಹೋಗಿಬರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಕಚೇರಿಯ ಹಿಂದಿನ ಕೋಣೆಯಲ್ಲಿ ಅವರೊಬ್ಬರೇ. "ಕೊಡ್ರಿ, ಝಾಡಿಸಿ ಕೊಡ್ತೀನಿ" ಎಂದು ನಮ್ಮ ಜೊತೆ ಕಚೇರಿಗೆ ಬಂದ ಅವ್ವ ಕೈಚಾಚಿದರೆ, "ಬ್ಯಾಡವ್ವ, ಜೊತಿಗೆ ಅದಾದ್ರೂ ಇರ್ಲಿ" ಎಂದು ನಗುತ್ತಿದ್ದರು.

ನಮ್ಮೂರು ಮೆಟ್ರಿಯಲ್ಲಿ ಮೇಲಿನ ಹೊಲದವನು ಕಾಲುವೆಗೆ ಒಡ್ಡು ಹಾಕಿದ್ದರಿಂದ ನಮ್ಮ ಹೊಲಕ್ಕೆ ನೀರು ಬರುವುದು ನಿಂತಿತ್ತು. ವಕೀಲರು ನಮ್ಮ ಪರ ದಾವೆ ಹೂಡಿದರು. ಆ ವರ್ಷವೇ ಅವರು ಜಿಲ್ಲಾ ಪಂಚಾಯಿತಿಗೆ ಎರಡನೆಯ ಸಲ ನಿಂತಿದ್ದರು. ನಾನೂ ಅಪ್ಪನೂ ಕಚೇರಿಯಲ್ಲಿದ್ದಾಗಲೇ ಮೇಲಿನ ಹೊಲದವನು ಬಂದ.

"ಈ ಕೇಸೊಂದು ಬಿಡ್ರಿ ವಕೀಲ್ರ. ನಮ್ಮ ಓಣಿ ಓಟೆಲ್ಲಾ ನಿಮ್ದ."

"ಓಟು ನಿಮ್ದು, ಯಾರಿಗರ ಹಾಕ್ರಿ. ನೀರು ಮಾತ್ರ ಇವ್ರದು."

ಕೋರ್ಟಿನ ಆದೇಶ ಬಂದು ಒಡ್ಡು ಒಡೆಸಿದರು. ಮತ ಎಣಿಕೆಯ ದಿನ, ವಕೀಲರು ಗೆದ್ದೇ ಗೆದ್ದಿರುತ್ತಾರೆಂದು ನಂಬಿದ ಅಪ್ಪ, ಯಾರನ್ನೂ ಕೇಳದೆ, ಬಸ್‌ಸ್ಟ್ಯಾಂಡಿನಲ್ಲಿ ಚೆಂಡುಹೂವಿನ ದೊಡ್ಡ ಹಾರ ಕೊಂಡ. ನಾವಿಬ್ಬರೂ ಹೋಗಿ ನೋಡಿದರೆ ಪ್ರಚಾರದ ದಿನಗಳಲ್ಲಿ ಕಾಲಿಡಲು ಜಾಗವಿಲ್ಲದ ಕಚೇರಿಯಲ್ಲಿ ಅವರೊಬ್ಬರೇ ಕುಳಿತಿದ್ದರು. ಸೋತಿದ್ದರು. ಅಪ್ಪ ಹಾರವನ್ನು ಟವೆಲಿನ ಕೆಳಗೆ ಮುಚ್ಚಿಕೊಂಡ.

"ಹೂವು ಯಾಕ ಮುಚ್ಚತೀರಿ ಯಜಮಾನ್ರ? ನೀರು ಹೊಲಕ್ಕ ಬಂತಾ?"

"ಬಂತ್ರಿ."

"ಹಂಗಾದ್ರ ತೂಬಿಗೆ ಹಾಕ್ರಿ. ಗೆದ್ದದ್ದು ಅದು."

ಆಮೇಲೆ, ಅಮೆರಿಕದಲ್ಲಿ ಹಿಂದೆ ಒಬ್ಬ ವಕೀಲನಿದ್ದನೆಂದೂ ಅವನೂ ಚುನಾವಣೆಗಳಲ್ಲಿ ಸೋತವನೇ ಎಂದೂ ಹೇಳಿದರು.

"ಕಡೀಕ ಗೆದ್ದನೇನ್ರಿ?" ಅಪ್ಪ ಕೇಳಿದ.

"ಗೆದ್ದ. ಅವಂಗ ನಿಮ್ಮೂರಿನ ಓಟು ಬೇಕಾಗಿರ್ಲಿಲ್ಲಲ್ಲ!"

ಮೂವರೂ ನಕ್ಕೆವು. ಊರಿಗೆ ಹೋಗುವ ಕಂಪ್ಲಿ ಬಸ್ಸಿನ ಹೊತ್ತಾಯಿತೆಂದು ನಾವು ಎದ್ದಾಗ ಅವರ ನಗು ನಿಂತಿತು. "ಮುಂದಿನ ಬಸ್ಸಿಗೆ ಹೋದ್ರಾತು, ಕುಂದ್ರಿ" ಎಂದರು. ನಾವು ಕುಳಿತೆವು. ಮುಂದಿನ ಬಸ್ಸಿನ ಹೊತ್ತಾಗುವವರೆಗೂ ಒಳಗೆ ಬೇರೆ ಯಾರೂ ಬರಲಿಲ್ಲ.

ಅವರು ಮತ್ತೆಂದೂ ಚುನಾವಣೆಗೆ ನಿಲ್ಲಲಿಲ್ಲ. ಹೋದ ವರ್ಷ ತೀರಿಕೊಂಡರು. ನಾವು ಹೋದಾಗ ಕೋಟು ಬಾಗಿಲ ಹಿಂದಿನ ಗೂಟದಲ್ಲಿತ್ತು, ಧೂಳಿನ ಸಮೇತ. ಅವ್ವ ಅದನ್ನು ಝಾಡಿಸಲಿಲ್ಲ.

ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಅಪ್ಪ ತೂಬಿಗೆ ಹಾರ ಹಾಕುತ್ತಾನೆ. ಈಗ ನಮ್ಮ ಹೊಲದಲ್ಲಿ ಭತ್ತ ಬೆಳೆಯುತ್ತದೆ. ಅವ್ವ ಬೇರೆಯವರ ಗದ್ದೆಗೆ ನಾಟಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ನನ್ನ ಓದು ಅರ್ಧಕ್ಕೆ ನಿಲ್ಲಲಿಲ್ಲ.